ಕ್ಲಾಸಿಗೆ ಬಂದ ಹೊಸ ಹುಡುಗನ ಮಾತು ಕೇಳಿ ಎಲ್ಲರೂ ನಗ್ತಾರೆ, ನನ್ನ ಮಗನೂ ನಗ್ತಾನೆ. ಏನು ಮಾಡಲಿ?

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನಲ್ಲಿ. ಮಗ ಎಂಟನೇ ಕ್ಲಾಸು. ಜೂನ್‌ನಲ್ಲಿ ಅವನ ಕ್ಲಾಸಿಗೆ ಯಾದಗಿರಿ ಕಡೆಯ ಒಬ್ಬ ಹುಡುಗ ಬಂದು ಸೇರಿದ. ಅವರಪ್ಪನಿಗೆ ಇಲ್ಲಿಗೆ ವರ್ಗ ಆಗಿದೆಯಂತೆ. ಮೊದಲ ದಿನ ಮೇಷ್ಟ್ರು ಏನೋ ಕೇಳಿದಾಗ ಅವನು 'ಹೌದ್ರಿ' ಅಂದ. ಅಷ್ಟೇ. ಅವತ್ತಿನಿಂದ ಅವನ ಹೆಸರೇ ಅದಾಗಿಬಿಟ್ಟಿದೆ. ಅವನು ಬಾಯಿ ತೆರೆದರೆ ಸಾಕು, ಹಿಂದಿನ ಎರಡು ಬೆಂಚು ಒಟ್ಟಿಗೆ ರಾಗ ಎಳೆದು 'ಹೌದ್ರಿಪಾ' ಅನ್ನುತ್ತವಂತೆ. ಡಬ್ಬಿಯಲ್ಲಿ ಖಡಕ್ ರೊಟ್ಟಿ ತಂದರೆ 'ರಟ್ಟು ತಿಂತಾನೆ' ಅಂತ ನಗುತ್ತಾರಂತೆ.

ಇದೆಲ್ಲ ನನಗೆ ಗೊತ್ತಾಗಿದ್ದು ಮೊನ್ನೆ. ಮಗ ಊಟ ಮಾಡುತ್ತಾ ಅದೇ ರಾಗ ಎಳೆದು ತಂಗಿಯನ್ನು ನಗಿಸುತ್ತಿದ್ದ. ಯಾರ ಮಾತು ಅದು ಅಂತ ಕೇಳಿದೆ. ಹೇಳುತ್ತಾ ಹೇಳುತ್ತಾ ಅವನೇ ಸಪ್ಪಗಾದ. ಕೊನೆಗೆ ಹೇಳಿದ: 'ಈಗ ಅವನು ಮಾತೇ ಆಡಲ್ಲ ಅಮ್ಮ. ಹಾಜರಿ ಕೂಗಿದಾಗಲೂ ಸುಮ್ನೆ ಕೈ ಎತ್ತುತ್ತಾನೆ.'

ಆ ಕೈ ಎತ್ತುವ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅವನ ಪರ ಮಾತಾಡು ಅಂದೆ. 'ಆಗ ನನ್ನನ್ನೇ ಹಿಡ್ಕೋತಾರೆ' ಅಂದ. ಸುಳ್ಳಲ್ಲ, ಅಲ್ವಾ? ಶಾಲೆಗೆ ಹೋಗಿ ಹೇಳಲಾ ಅಂದರೆ ಕಾಲಿಗೆ ಬೀಳುವಷ್ಟು ಬೇಡಿಕೊಂಡ. ನನ್ನ ಮಗ ಕೆಟ್ಟವನಲ್ಲ. ಆದರೆ ಆ ನಗುವಿನಲ್ಲಿ ಅವನದೂ ಪಾಲಿದೆ. ಎಲ್ಲಿಂದ ಶುರು ಮಾಡಲಿ?

ನೇರ ಮಾತು

ಮೇಡಂ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹುಡುಗರು ಅಂದ ಮೇಲೆ ಅಡ್ಡಹೆಸರು ಇದ್ದದ್ದೇ. ನನ್ನನ್ನು ಹತ್ತನೇ ಕ್ಲಾಸಿನವರೆಗೂ 'ಬೆಂಡೆಕಾಯಿ' ಅನ್ನುತ್ತಿದ್ದರು. ಈಗಲೂ ಅದೇ ಗೆಳೆಯರು ಮನೆಗೆ ಬರುತ್ತಾರೆ. ಎರಡು ತಿಂಗಳಲ್ಲಿ ಅವನೇ ಮೈಸೂರು ಮಾತು ಕಲಿಯುತ್ತಾನೆ, ಎಲ್ಲ ಸರಿಯಾಗುತ್ತದೆ.

ರಾಯಚೂರು ಹುಡುಗ

ಅಣ್ಣಾ, ನಿಮ್ಮ ಮಾತಿಗೆ ಒಂದು ಉತ್ತರ ಕೊಡಲೇಬೇಕು. ನಿಮಗೆ ಹೆಸರಿಟ್ಟವರು ನಿಮ್ಮ ಗೆಳೆಯರು. ನೀವೂ ಅವರಿಗೊಂದು ಹೆಸರು ಇಟ್ಟಿರುತ್ತೀರಿ. ಈ ಹುಡುಗನಿಗೆ ಅಲ್ಲಿ ಒಬ್ಬನೂ ಗೆಳೆಯನಿಲ್ಲ. ಅವನು ತಿರುಗಿ ಹೆಸರಿಡುವ ಹಾಗೂ ಇಲ್ಲ. ಒಂದು ಕಡೆ ಮೂವತ್ತು ಮಂದಿ, ಇನ್ನೊಂದು ಕಡೆ ಒಬ್ಬ. ಎರಡೂ ಒಂದೇ ಹೇಗಾದೀತು?

ನಾನು ಪಿಯುಸಿಗೆ ಬೆಂಗಳೂರಿಗೆ ಬಂದವನು. ಊರಲ್ಲಿ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಗೊಂಡಿದ್ದೆ. ಇಲ್ಲಿ ಬಂದು ಮೂರೇ ವಾರಕ್ಕೆ ಬಾಯಿ ಕಟ್ಟಿತು. ಒಂದು ವಾಕ್ಯ ಹೇಳುವ ಮೊದಲು ಮನಸ್ಸಿನಲ್ಲಿ ಎರಡು ಸಲ ಹೇಳಿ ನೋಡುತ್ತಿದ್ದೆ. ಇಲ್ಲಿ 'ರೀ' ಬಂತಾ, ಇಲ್ಲಿ 'ಲಿಕ್ಕತ್ತೀನಿ' ಬಂತಾ ಅಂತ. ಅಷ್ಟು ಹೊತ್ತಿಗೆ ಲೆಕ್ಚರರ್ ಮುಂದಿನವರನ್ನು ಕೇಳಿ ಆಗಿರುತ್ತಿತ್ತು. ದಡ್ಡ ಅನ್ನಿಸಿಕೊಂಡೆ. ಮೈಸೂರು ಮಾತು ಕಲಿಯುತ್ತಾನೆ ಅಂದಿರಲ್ಲ, ನಾನೂ ಬೆಂಗಳೂರು ಮಾತು ಕಲಿತೆ. ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಎದುರು ಹಂಗೇ ಮಾತಾಡಿದೆ. ಅವ್ವ ನನ್ನ ಮುಖ ನೋಡಿ ಸುಮ್ಮನಾದಳು. ಅದನ್ನು ಇವತ್ತಿಗೂ ಮರೆತಿಲ್ಲ.

ಅಕ್ಕ, ನಿಮ್ಮ ಮಗ ಏನು ಮಾಡಬಹುದು ಅಂತ ಕೇಳಿದಿರಿ. ನನಗೆ ಇಬ್ಬರು ಸಹಾಯ ಮಾಡಲು ಬಂದರು. ಒಬ್ಬ ಕ್ಲಾಸಿನ ನಡುವೆ ಎದ್ದು ನಿಂತು ನಗುವವರ ಮೇಲೆ ಕೂಗಾಡಿದ. ಒಳ್ಳೆಯ ಮನಸ್ಸು ಅವನದು, ಅದರಲ್ಲಿ ಅನುಮಾನ ಇಲ್ಲ. ಆದರೆ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನು. ಮಾರನೇ ದಿನ ಅವನನ್ನು 'ಹೌದ್ರಿ ವಕೀಲ' ಅಂದರು. ಅವನಿಗೂ ಸಾಕಾಯಿತು, ದೂರ ಸರಿದ. ಇನ್ನೊಬ್ಬ ಕ್ಲಾಸಿನಲ್ಲಿ ಏನೂ ಹೇಳಲಿಲ್ಲ. ಸಂಜೆ ಬಸ್ ಸ್ಟಾಪಿನಲ್ಲಿ ನನಗೋಸ್ಕರ ಕಾಯುತ್ತಿದ್ದ. ಎರಡು ಬಸ್ ಬಿಟ್ಟು ನಿಂತಿರುತ್ತಿದ್ದ. ಒಂದು ದಿನ ಕೇಳಿದ, 'ಲೋ, ನಿಮ್ಮ ಕಡೆ ಕಡಲೇಕಾಯಿಗೆ ಏನಂತೀರಾ?' ಶೇಂಗಾ ಅಂದೆ. 'ಚೆನ್ನಾಗಿದೆ' ಅಂದ. ಮೂರು ತಿಂಗಳಲ್ಲಿ ನನ್ನ ಮಾತು ಕೇಳಿ ನಗದೆ ಇದ್ದ ಮೊದಲ ಮನುಷ್ಯ ಅವನು. ಪಿಯುಸಿ ಮುಗಿಸಿದ್ದು ಅವನಿಂದ.

ಕೊನೇ ಬೆಂಚು

ನಾನು ಈ ಕಥೆಯಲ್ಲಿ ಇನ್ನೊಂದು ಕಡೆಯವನು. ಹೇಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಒಂಬತ್ತನೇ ಕ್ಲಾಸಿನಲ್ಲಿ ತೊದಲುವ ಒಬ್ಬ ಹುಡುಗನನ್ನು ಅಣಕಿಸುತ್ತಿದ್ದವನು ನಾನು. ಅವನ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ನನಗೆ ಬೇಕಿದ್ದದ್ದು ನಗು. ಓದಿನಲ್ಲಿ ಹಿಂದೆ, ಆಟದಲ್ಲಿ ಸುಮಾರು. ಕ್ಲಾಸಿನಲ್ಲಿ ನನಗೆ ಅಂತ ಇದ್ದದ್ದು ಅದೊಂದೇ ಜಾಗ. ಅಣಕಿಸಿದ ತಕ್ಷಣ ನಾನು ನೋಡುತ್ತಿದ್ದದ್ದು ಆ ಹುಡುಗನ ಮುಖ ಅಲ್ಲ. ನನ್ನ ಪಕ್ಕ ಕೂತವನ ಮುಖ. ಅವನು ಕ್ಲಾಸಿಗೆ ಮೊದಲನೆಯವನು, ಎಲ್ಲರಿಗೂ ಬೇಕಾದವನು. ಅವನು ನಕ್ಕರೆ ಗೆದ್ದ ಹಾಗೆ.

ಒಂದು ದಿನ ಅವನು ನಗಲಿಲ್ಲ. ಬೈಯಲೂ ಇಲ್ಲ. ನೋಟ್ಸ್ ಬರೆಯುತ್ತಾ ಇದ್ದ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ. ತಲೆ ಎತ್ತಿ 'ಸಾಕು ಬಿಡೋ' ಅಂದ. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. ನನ್ನ ಕಿವಿ ಬಿಸಿಯಾಯಿತು. ಎಲ್ಲರ ಮುಂದೆ ಅಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆ, ಖಂಡಿತ. ಒಬ್ಬನಿಗೇ ಹೇಳಿದ್ದಕ್ಕೆ ಮರ್ಯಾದೆ ಉಳೀತು, ನಿಲ್ಲಿಸೋಕೆ ದಾರಿ ಸಿಕ್ಕಿತು.

ಅಕ್ಕ, ನಿಮ್ಮ ಮಗ ಆ ಗುಂಪಿನ ಒಳಗೇ ಇದ್ದಾನೆ. ಅದನ್ನು ನೀವು ತಪ್ಪು ಅಂತ ಮಾತ್ರ ನೋಡುತ್ತಿದ್ದೀರಿ. ನಾನು ಹೇಳುವುದು, ಹೊರಗಿನವನಿಗೆ ಇಲ್ಲದ ಶಕ್ತಿ ಅವನಿಗೆ ಇದೆ. ಅಣಕಿಸುವವನು ಅವನ ಮುಖವನ್ನೂ ನೋಡುತ್ತಿರುತ್ತಾನೆ.

ಮನಶ್ಶಾಸ್ತ್ರ ವಿದ್ಯಾರ್ಥಿನಿ

ಕೊನೇ ಬೆಂಚು ಅವರು ಹೇಳಿದ್ದನ್ನು ಓದಿ ಮೈ ಜುಮ್ಮೆಂದಿತು. ನಮ್ಮ ಪಾಠದಲ್ಲಿ ಬರುವುದು ಇದೇ.

1996ರಲ್ಲಿ ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಜೊತೆಯವರು ಆರನೇ ತರಗತಿಯ ಮಕ್ಕಳ ನಡುವೆ ಒಂದು ಅಧ್ಯಯನ ಮಾಡಿದರು. ಪೀಡಿಸುವವನು, ಪೀಡೆಗೆ ಸಿಕ್ಕವನು, ಇಷ್ಟೇ ಅಲ್ಲ ಅಂತ ತೋರಿಸಿದರು. ಪೀಡಿಸುವವನಿಗೆ ಕೈಜೋಡಿಸುವವರು ಕೆಲವರು. ತಾವು ಏನೂ ಮಾಡದೆ ನಕ್ಕು ಹುರಿದುಂಬಿಸುವವರು ಕೆಲವರು. ನನಗ್ಯಾಕೆ ಅಂತ ಆಚೆ ಇರುವವರು ಕೆಲವರು. ಸಿಕ್ಕವನ ಪರ ನಿಲ್ಲುವವರು ಇನ್ನು ಕೆಲವರು. ನಗು ಅನ್ನುವುದೂ ಒಂದು ಪಾತ್ರ ಅನ್ನುವುದೇ ದೊಡ್ಡ ವಿಷಯ. ಮುಂದೆ ತುರ್ಕು ವಿಶ್ವವಿದ್ಯಾಲಯದಲ್ಲಿ ಇದನ್ನೇ ಇಟ್ಟುಕೊಂಡು 'ಕಿವಾ' ಅನ್ನುವ ಶಾಲಾ ಕಾರ್ಯಕ್ರಮ ಮಾಡಿದರು. ಅದರಲ್ಲಿ ಜಾಸ್ತಿ ಕೆಲಸ ನಡೆಯುವುದು ನೋಡುತ್ತಾ ನಿಂತವರ ಜೊತೆ.

ಕೆನಡಾದ ಟೊರಾಂಟೋದಲ್ಲಿ ಪ್ರಾಥಮಿಕ ಶಾಲೆ ಮಕ್ಕಳ ಆಟವನ್ನು ಕ್ಯಾಮೆರಾ, ಮೈಕ್ ಇಟ್ಟು ಗಮನಿಸಿದ ಅಧ್ಯಯನ ಒಂದಿದೆ, 2001ರಲ್ಲಿ ಬಂದದ್ದು. 100ರಲ್ಲಿ 88 ಘಟನೆಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ನಡುವೆ ಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ, 57 ಶೇಕಡಾ, ಪೀಡೆ 10 ಸೆಕೆಂಡಿನೊಳಗೆ ನಿಂತಿತು. ಅವರು ಚಿಕ್ಕ ಮಕ್ಕಳು, ನಿಮ್ಮ ಮಗ ಹದಿಮೂರರವನು, ವ್ಯತ್ಯಾಸ ಇದ್ದೇ ಇದೆ. ಈ ವಯಸ್ಸಿಗೆ ಗೆಳೆಯರ ಮೆಚ್ಚುಗೆ ಊಟದಷ್ಟೇ ಮುಖ್ಯ. ಅದಕ್ಕೇ ಅವನ ಹೆದರಿಕೆಯನ್ನು ಹೇಡಿತನ ಅನ್ನಬೇಡಿ, ದಯವಿಟ್ಟು.

ಇನ್ನೊಂದು ಮಾತು. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನುವವರು ಗೆರೆಗಳ ಉದ್ದ ಹೇಳುವ ಪ್ರಯೋಗ ಮಾಡಿದ್ದರು. ಇಡೀ ಗುಂಪು ಬೇಕೆಂದೇ ತಪ್ಪು ಹೇಳಿದರೆ, ಕಣ್ಣಿಗೆ ಕಂಡ ಸರಿಯನ್ನು ಬಿಟ್ಟು ತಪ್ಪಿಗೇ ಹೂಂ ಅನ್ನುವವರು ತುಂಬ ಜನ. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಸಾಕು, ಹಾಗೆ ಹೂಂ ಅನ್ನುವುದು ತೀರಾ ಕಡಿಮೆಯಾಗುತ್ತಿತ್ತು. ನಿಮ್ಮ ಮಗನಿಗೆ ಇಡೀ ಕ್ಲಾಸನ್ನು ಬದಲಾಯಿಸುವ ಅಗತ್ಯ ಇಲ್ಲ. ಇನ್ನೊಬ್ಬ ಬೇಕು. ಒಳಗೊಳಗೆ ಬೇಜಾರಾಗಿರುವ ಒಬ್ಬನಾದರೂ ಆ ಬೆಂಚುಗಳಲ್ಲಿ ಇರಬಹುದು. ಅವನು ಯಾರು ಅಂತ ಮಗನನ್ನೇ ಕೇಳಿ ನೋಡಿ.

ಹ್ಯಾಲಿಫ್ಯಾಕ್ಸ್ ಕನ್ನಡತಿ

ಇನ್ನೊಬ್ಬ ಬೇಕು ಅಂದಿರಲ್ಲ, ನಾವಿರುವ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲೇ ಹಾಗೆ ಆಗಿದೆ. 2007ರಲ್ಲಿ ಬರ್ವಿಕ್ ಅನ್ನುವ ಊರಿನ ಹತ್ತಿರದ ಹೈಸ್ಕೂಲಿಗೆ ಒಂಬತ್ತನೇ ಕ್ಲಾಸಿನ ಹುಡುಗ ಮೊದಲ ದಿನ ಗುಲಾಬಿ ಅಂಗಿ ಹಾಕಿಕೊಂಡು ಬಂದ. ಅದಕ್ಕೇ ಅವನನ್ನು ಹೀಯಾಳಿಸಿ ಹೆದರಿಸಿದರು. ಹನ್ನೆರಡನೇ ಕ್ಲಾಸಿನ ಡೇವಿಡ್ ಶೆಫರ್ಡ್, ಟ್ರಾವಿಸ್ ಪ್ರೈಸ್ ಅನ್ನುವ ಇಬ್ಬರಿಗೆ ಇದು ಗೊತ್ತಾಯಿತು. ಅಂಗಡಿಗೆ ಹೋಗಿ 50 ಗುಲಾಬಿ ಅಂಗಿ ತಂದರು, ಗೆಳೆಯರಿಗೆಲ್ಲ ಸುದ್ದಿ ಮುಟ್ಟಿಸಿದರು. ಶಾಲೆ ತುಂಬ ಗುಲಾಬಿ ಬಣ್ಣ. ಈಗ ಕೆನಡಾದಲ್ಲಿ ಪ್ರತಿ ಫೆಬ್ರವರಿಯ ಕೊನೆಯ ಬುಧವಾರ ಮಕ್ಕಳು ಗುಲಾಬಿ ಅಂಗಿ ಹಾಕುತ್ತಾರೆ. ನನ್ನ ಮಗಳೂ ಹಾಕುತ್ತಾಳೆ.

ನನಗೆ ಇದರಲ್ಲಿ ಇಷ್ಟವಾಗುವುದು ಒಂದು ವಿಷಯ. ಅವರು ಪೀಡಿಸಿದವರನ್ನು ಹುಡುಕಿಕೊಂಡು ಹೋಗಲಿಲ್ಲ. ಆ ಹುಡುಗನನ್ನು ವೇದಿಕೆಗೆ ಕರೆದು ನಿಲ್ಲಿಸಲೂ ಇಲ್ಲ. ಅವನು ಹಾಕಿದ್ದನ್ನು ತಾವೂ ಹಾಕಿಕೊಂಡರು.

ಒಂದು ಬೇಸರವೂ ಇದೆ. ಅಂಗಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ ಮಕ್ಕಳೇ ಮಾರನೇ ದಿನ ಒಬ್ಬಳನ್ನು ಆಟಕ್ಕೆ ಸೇರಿಸದೆ ಇದ್ದದ್ದನ್ನೂ ನೋಡಿದ್ದೇನೆ. ವರ್ಷಕ್ಕೊಂದು ದಿನ ಸಾಕಾಗುವುದಿಲ್ಲ.

ಎರಡು ಜಡೆ

ಹುಡುಗಿಯರ ವಿಷಯವನ್ನೂ ಸ್ವಲ್ಪ ಹೇಳಲಾ? ನಮ್ಮಲ್ಲಿ ಯಾರೂ ಕೂಗುವುದಿಲ್ಲ, ಹೊಡೆಯುವುದಿಲ್ಲ. ಟೂ ಬಿಡುತ್ತಾರೆ. ಚಿಕ್ಕವರಿದ್ದಾಗ ಸಂಜೆಗೆ ಮತ್ತೆ ಸೇ ಆಗುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೆ ಆ ಟೂ ವರ್ಷಗಟ್ಟಲೆ ಇರುತ್ತದೆ. ಈಗ ವಾಟ್ಸಾಪ್ ಬೇರೆ. ಹಳೆ ಗ್ರೂಪ್ ಹಾಗೇ ಇರುತ್ತದೆ, ಒಬ್ಬಳನ್ನು ಬಿಟ್ಟು ಹೊಸ ಗ್ರೂಪ್ ಹುಟ್ಟುತ್ತದೆ. ಹಳೆಯದರಲ್ಲಿ ಅವಳು ಗುಡ್ ಮಾರ್ನಿಂಗ್ ಹಾಕುತ್ತಲೇ ಇರುತ್ತಾಳೆ, ಉತ್ತರ ಬರುವುದಿಲ್ಲ. ಟೀಚರಿಗೆ ಏನಂತ ದೂರು ಕೊಡುವುದು? ಮಾತಾಡಿಸಲಿಲ್ಲ ಅಂತಲಾ?

ನನ್ನ ತಂಗಿ ಮಾಡಿದ್ದು ಇಷ್ಟು. ಹಳೆ ಗ್ರೂಪಿನಲ್ಲಿ ಆ ಹುಡುಗಿಗೆ ದಿನಾ ಉತ್ತರ ಕೊಡಲು ಶುರು ಮಾಡಿದಳು. 'ಗುಡ್ ಮಾರ್ನಿಂಗ್ ಕಣೇ, ಲೆಕ್ಕ ಮುಗೀತಾ?' ಅಂತ. ಎಲ್ಲರಿಗೂ ಕಾಣುವ ಹಾಗೆ. ಒಂದು ವಾರಕ್ಕೆ ಇನ್ನೊಬ್ಬಳು ಸೇರಿದಳು.

ತೀರ್ಥಹಳ್ಳಿ ಮೇಷ್ಟ್ರು

ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ತಾಯಿ, ನಿಮ್ಮ ಮಗ ಶಾಲೆಗೆ ಹೇಳಬೇಡ ಅಂದದ್ದಕ್ಕೆ ಕಾರಣ ಇದೆ. ನಾನೇ ಆ ತಪ್ಪು ಮಾಡಿದ್ದೇನೆ. ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದು ಗುಟ್ಟಾಗಿ ಹೇಳಿದ್ದನ್ನು ಕ್ಲಾಸಿಗೆ ಹೋಗಿ, 'ಇವನು ಹೇಳಿದ, ನೀವು ಹೀಗೆ ಮಾಡ್ತೀರಂತೆ' ಅಂದುಬಿಟ್ಟೆ. ನಾಲ್ಕು ಜನರನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ನ್ಯಾಯ ಕೊಡಿಸಿದೆ ಅಂದುಕೊಂಡೆ. ಆ ಹುಡುಗ ಆ ವರ್ಷ ಮತ್ತೆ ನನ್ನ ಹತ್ತಿರ ಬರಲಿಲ್ಲ. ಬೇರೆ ಯಾರೂ ಬರಲಿಲ್ಲ.

ಆದ್ದರಿಂದ ಶಾಲೆಗೆ ಹೇಳಿ, ಆದರೆ ಹೇಗೆ ಅನ್ನುವುದನ್ನು ನೀವೇ ಹೇಳಿಕೊಡಿ. ಕ್ಲಾಸ್ ಟೀಚರನ್ನು ಒಬ್ಬರನ್ನೇ ಭೇಟಿ ಮಾಡಿ. ಯಾರ ಹೆಸರೂ ಹೊರಬರಬಾರದು ಅನ್ನಿ. ತಪ್ಪು ಒಪ್ಪಿಸಿ ಶಿಕ್ಷೆ ಕೊಡಿ ಅನ್ನಬೇಡಿ. ಕೂರುವ ಜಾಗ ಬದಲಿಸಿ, ಗುಂಪು ಕೆಲಸದಲ್ಲಿ ಅವನನ್ನು ಒಳ್ಳೆಯ ಮಕ್ಕಳ ಜೊತೆ ಹಾಕಿ, ಊಟದ ಬಿಡುವಿನಲ್ಲಿ ಒಂದು ಕಣ್ಣಿಡಿ ಅಂತ ಕೇಳಿ. ಇವೆಲ್ಲ ಟೀಚರ್ ಸದ್ದಿಲ್ಲದೆ ಮಾಡಬಹುದಾದ ಕೆಲಸಗಳು.

ಕನ್ನಡ ಮೇಷ್ಟ್ರಾಗಿ ಇನ್ನೊಂದು ಹೇಳದೆ ಇರಲಾರೆ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ ಕವಿರಾಜಮಾರ್ಗ, ಒಂಬತ್ತನೇ ಶತಮಾನದ್ದು. ಅದು ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಯಾದಗಿರಿಯೂ 2009ರವರೆಗೆ ಅದೇ ಜಿಲ್ಲೆಯಲ್ಲಿತ್ತು. ಕನ್ನಡದ ತಿರುಳು ಇರುವ ನಾಡು ಯಾವುದು ಅಂತ ಆ ಗ್ರಂಥ ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ. ನಮ್ಮ ತೀರ್ಥಹಳ್ಳಿಯೂ ಇಲ್ಲ, ನಿಮ್ಮ ಮೈಸೂರೂ ಇಲ್ಲ. ಆ ಹುಡುಗ ಬಂದಿರುವುದು ಅಂಥ ಕಡೆಯಿಂದ. ಕನ್ನಡ ಪಾಠದವರು ಇದನ್ನು ಕ್ಲಾಸಿನಲ್ಲಿ ಹೇಳಿ, ಅವನಿಂದಲೇ ಒಂದು ಪದ್ಯ ಓದಿಸಬಹುದು.

ರಾಯಚೂರು ಹುಡುಗ

ಸರ್, ಓದಿ ಕಣ್ಣು ತುಂಬಿ ಬಂತು. ನಮಗೆ ಇದನ್ನು ಯಾರೂ ಶಾಲೆಯಲ್ಲಿ ಹೀಗೆ ಹೇಳಲಿಲ್ಲ. ಆದರೆ ಒಂದು ವಿನಂತಿ. ಪಾಠ ಹೇಳಲಿ, ಅವನಿಂದ ಓದಿಸುವುದು ಬೇಡ. ಈಗ ಬೇಡ. ಹಾಜರಿಗೇ ಬಾಯಿ ಬಿಡದವನನ್ನು ಎಲ್ಲರೆದುರು ನಿಲ್ಲಿಸಿದರೆ ಅವನಿಗೆ ಅದೂ ಒಂದು ಶಿಕ್ಷೆಯೇ. ಇಡೀ ಯಾದಗಿರಿಯ ಪರ ನಿಲ್ಲುವ ಹೊಣೆ ಹದಿಮೂರು ವರ್ಷದವನಿಗೆ ಯಾಕೆ? ಅವನಿಗೆ ಬೇಕಾಗಿರುವುದು ಡಬ್ಬಿ ತೆಗೆದು ಊಟ ಮಾಡಲು ಒಂದು ಜಾಗ.

ತೀರ್ಥಹಳ್ಳಿ ಮೇಷ್ಟ್ರು

ಒಪ್ಪಿದೆ ಮಗು. ನೀನು ಹೇಳಿದ್ದೇ ಸರಿ. ಮೇಷ್ಟ್ರಿಗೆ ಮಕ್ಕಳನ್ನು ಎದ್ದು ನಿಲ್ಲಿಸುವ ಅಭ್ಯಾಸ ಬೇಗ ಬಿಡುವುದಿಲ್ಲ.

ಮನಶ್ಶಾಸ್ತ್ರ ವಿದ್ಯಾರ್ಥಿನಿ

ಒಂದು ಮುಖ್ಯವಾದ ಮಾತು ಬಿಟ್ಟುಹೋಗಿತ್ತು. ಆ ಹುಡುಗ ಊಟ ಬಿಟ್ಟರೆ, ಶಾಲೆಗೆ ಬರುವುದನ್ನೇ ನಿಲ್ಲಿಸಿದರೆ, ಸಾಯುವ ಮಾತಾಡಿದರೆ ಮಕ್ಕಳ ಕೈಗೆ ಬಿಡುವ ಹಾಗಿಲ್ಲ. ಅವತ್ತೇ ದೊಡ್ಡವರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಗೆಳೆಯನ ಗುಟ್ಟು ಕಾಪಾಡಬೇಕು ಅಂತ ಮಕ್ಕಳು ಸುಮ್ಮನಿರುತ್ತಾರೆ. ಇಂಥ ಗುಟ್ಟನ್ನು ಕಾಪಾಡಬಾರದು ಅಂತ ಮಗನಿಗೆ ಈಗಲೇ ಹೇಳಿಟ್ಟಿರಿ.

ನೇರ ಮಾತು

ನಿನ್ನೆಯಿಂದ ಎಲ್ಲವನ್ನೂ ಓದುತ್ತಾ ಇದ್ದೇನೆ. ನನ್ನ ಮಗಳು ಏಳನೇ ಕ್ಲಾಸು. ಎರಡು ಜಡೆ ಅವರು ಬರೆದದ್ದು ಓದಿದ ಮೇಲೆ ಸಂಜೆ ಅವಳನ್ನು ಕೇಳಿದೆ, ನಿಮ್ಮ ಕ್ಲಾಸಿನಲ್ಲೂ ಹೀಗಿದೆಯಾ ಅಂತ. ಬಹಳ ಹೊತ್ತು ಮಾತಾಡಿದಳು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ರಾಯಚೂರಿನ ತಮ್ಮ, ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಿ.

ಕುವೆಂಪುನಗರದ ಅಮ್ಮ (ಮೂರು ವಾರದ ನಂತರ)

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಕೊನೇ ಬೆಂಚು ಅವರ ಮಾತನ್ನು ಮಗನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, 'ನಾನು ನಗದೆ ಇರಬಹುದು, ಅದು ನನ್ನ ಕೈಯಲ್ಲಾಗುತ್ತೆ' ಅಂದ. ಬೇಜಾರಾಗಿರುವ ಇನ್ನೊಬ್ಬ ಯಾರು ಅಂತ ಕೇಳಿದ್ದಕ್ಕೆ ತಕ್ಷಣ ಒಂದು ಹೆಸರು ಹೇಳಿದ. ಅವನ ಮನೆ ನಮ್ಮ ರಸ್ತೆಯಲ್ಲೇ. ಇಬ್ಬರೂ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಒಪ್ಪಂದ ಮಾಡಿಕೊಂಡರಂತೆ. ಮೊದಲ ದಿನವೇ ನನ್ನ ಮಗ ಮರೆತು ನಕ್ಕುಬಿಟ್ಟನಂತೆ. ಮನೆಗೆ ಬಂದು ಅತ್ತ. ಎರಡನೇ ದಿನ ನಗಲಿಲ್ಲ. ಮೂರನೇ ದಿನ ಹಿಂದಿನ ಬೆಂಚಿನವರು ಗಮನಿಸಿ, ಇಬ್ಬರಿಗೂ 'ಹೌದ್ರಿ ತಮ್ಮಂದಿರು' ಅಂತ ಹೆಸರಿಟ್ಟರು. ಆ ಹೆಸರು ಇನ್ನೂ ಇದೆ. ಒಬ್ಬನಿಗೇ ಬಂದಿದ್ದರೆ ಕಷ್ಟವಾಗುತ್ತಿತ್ತು, ಇಬ್ಬರಿದ್ದಾರೆ ಅಂತ ತಡೆದುಕೊಂಡಿದ್ದಾರೆ.

ಕ್ಲಾಸ್ ಟೀಚರ್ ಹತ್ತಿರ ಮೇಷ್ಟ್ರು ಹೇಳಿಕೊಟ್ಟ ಹಾಗೇ ಮಾತಾಡಿದೆ. ಪುಣ್ಯಕ್ಕೆ ಕೇಳಿಸಿಕೊಂಡರು. ಮುಂದಿನ ಸೋಮವಾರ ಇಡೀ ಕ್ಲಾಸಿನ ಜಾಗ ಬದಲಿಸಿದರು. ಆ ಹುಡುಗ ಈಗ ನನ್ನ ಮಗನ ಬೆಂಚು.

ಡಬ್ಬಿಯ ಕಥೆ ಹೇಳಲೇಬೇಕು. ಮಗ ಒಂದು ದಿನ ಆ ರೊಟ್ಟಿ ಸ್ವಲ್ಪ ಕೊಡು ಅಂತ ಕೇಳಿದನಂತೆ. ಆ ಹುಡುಗ ಅವನ ಮುಖವನ್ನೇ ನೋಡಿದನಂತೆ, ಅಣಕಿಸೋಕೆ ಕೇಳ್ತಿದ್ದಾನಾ ಅಂತ. ಕೊಡಲಿಲ್ಲ. ಡಬ್ಬಿ ಮುಚ್ಚಿಕೊಂಡ. ಮಗನಿಗೆ ಅವಮಾನ ಆಯಿತು, ನನ್ನ ಮೇಲೆ ರೇಗಿದ. ನೀನೂ ಎರಡು ತಿಂಗಳು ನಕ್ಕಿದ್ದೀಯಲ್ಲ, ಅವನಿಗೂ ಸಮಯ ಬೇಕು ಅಂದೆ. ಹೋದ ಶುಕ್ರವಾರ ಅವನೇ ಒಂದು ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ (ನಮ್ಮ ಚಟ್ನಿಪುಡಿಯ ಹಾಗೆ) ಹಾಕಿ, ಮಾತಾಡದೆ ಬೆಂಚಿನ ಮೇಲೆ ಇವರ ಕಡೆ ಸರಿಸಿದನಂತೆ. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ಆಗ ಆ ಹುಡುಗ ನಕ್ಕನಂತೆ.

ನಿನ್ನೆ ಹಾಜರಿಯಲ್ಲಿ ಅವನು ಕೈ ಎತ್ತಲಿಲ್ಲ. 'ಹಾಜರ್‌ರೀ' ಅಂದ. ಮಗ ಮನೆಗೆ ಓಡಿ ಬಂದು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದ. ಯಾರೂ ನಗಲಿಲ್ಲವಾ ಅಂತ ಕೇಳಿದೆ. ಎಣಿಸಿಕೊಂಡು ಬಂದಿದ್ದ.

'ನಾಲ್ಕು ಜನ ನಕ್ಕರು ಅಮ್ಮ. ನಾಲ್ಕೇ.'

ರಾಯಚೂರು ಹುಡುಗ

ಅಕ್ಕ, ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಮುಂದಿನ ಸಲ ರೊಟ್ಟಿ ಕೊಟ್ಟರೆ ಜೊತೆಗೆ ಮೊಸರು ಇಟ್ಟುಕೊಳ್ಳಲಿ. ನಮ್ಮ ಕಡೆ ಹಿಂಡಿ ಹಂಗೇ ತಿನ್ನುವುದಿಲ್ಲ.